ಮನೆ ಖರ್ಚಿನ ವಂಶವೃಕ್ಷ

ಕಳೆದ ವರ್ಷ ಊಟ-ತಿಂಡಿಗೆ ಒಟ್ಟು ಎಷ್ಟಾಯಿತು? ಮನೆಯ ಜಮಾಖರ್ಚನ್ನು ಕಂಪ್ಯೂಟರಿನಲ್ಲಿ ಬರೆದಿಡುವವರು ಬಹುಬೇಗ ಕೇಳಿಕೊಳ್ಳುವ ಪ್ರಶ್ನೆ ಇದು. ನೋಡಲು ಸರಳ. ಆದರೆ ವರ್ಷವಿಡೀ ಬರೆದ ಲೆಕ್ಕದಲ್ಲಿ ‘ಊಟ-ತಿಂಡಿ’ ಎಂಬ ಹೆಸರಿಗೆ ಒಂದು ರೂಪಾಯಿಯೂ ಬಿದ್ದಿರುವುದಿಲ್ಲ. ದಿನಸಿಗೆ ಬಿದ್ದಿರುತ್ತದೆ, ಹಾಲಿಗೆ, ತರಕಾರಿಗೆ, ಹೋಟೆಲಿಗೆ ಬಿದ್ದಿರುತ್ತದೆ. ದಿನಸಿಯೊಳಗೇ ಅಕ್ಕಿ-ಬೇಳೆ ಬೇರೆ, ಎಣ್ಣೆ ಬೇರೆ ಎಂದು ವಿಂಗಡಿಸುವ ಶಿಸ್ತಿನವರೂ ಇದ್ದಾರೆ. ಬರೆಯುವುದು ತೀರಾ ಕೆಳಗಿನ ಖಾತೆಗೆ, ಕೇಳುವುದು ಅದರ ಮೇಲಿನ, ಅದಕ್ಕೂ ಮೇಲಿನ ಖಾತೆಯನ್ನು. ಈ ಎರಡರ ನಡುವಿನ ದೂರವನ್ನು ಡೇಟಾಬೇಸ್ ಹೇಗೆ ದಾಟುತ್ತದೆ ಎನ್ನುವುದು ಪ್ರೋಗ್ರಾಮರುಗಳಿಗೆ ಮಾತ್ರ ಬಿಟ್ಟ ವಿಷಯವೆಂದು ನನಗೆ ಅನ್ನಿಸುವುದಿಲ್ಲ. ದಾಟುವ ಬಗೆ ತಪ್ಪಿದರೆ ಬರುವ ಉತ್ತರವೂ ತಪ್ಪು, ಮತ್ತು ಆ ತಪ್ಪು ಸದ್ದು ಮಾಡುವುದಿಲ್ಲ. ನನ್ನ ವಾದ ಇಷ್ಟು: ದುಡ್ಡು ಕೊಟ್ಟದ್ದು ನಡೆದ ಸಂಗತಿ, ಖರ್ಚನ್ನು ವಿಂಗಡಿಸಿದ ಕ್ರಮ ನಮ್ಮ ಅಭಿಪ್ರಾಯ. ಎರಡನ್ನೂ ಬೇರೆಬೇರೆಯಾಗಿಯೇ ಇಡಬೇಕು. ಮೇಲಿನ ಖಾತೆಗಳ ಮೊತ್ತವನ್ನು ಎಲ್ಲಿಯೂ ಬರೆದಿಡದೆ, ಕೇಳಿದಾಗಲೆಲ್ಲ ಬುಡದಿಂದ ಕೂಡಿಸಿ ಪಡೆಯಬೇಕು.

ಮಾತು ಗಾಳಿಯಲ್ಲಿ ತೇಲದಿರಲು ಒಂದು ನಿಜವಾದ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಗ್ನುಕ್ಯಾಶ್ ಉಚಿತವಾಗಿ ಸಿಗುವ, ಯಾರು ಬೇಕಾದರೂ ಒಳಗಿನ ಬರಹವನ್ನು ತೆರೆದು ನೋಡಬಹುದಾದ ಲೆಕ್ಕದ ಪ್ರೋಗ್ರಾಂ. ಅದರ 1.0 ಆವೃತ್ತಿ ಬಂದದ್ದು 1998ರಲ್ಲಿ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತ ಗ್ರಂಥ ವಿವರಿಸಿದ ಜೋಡಿ ನಮೂದಿನ ಪದ್ಧತಿಯನ್ನೇ, ಎಂದರೆ ಪ್ರತಿ ವಹಿವಾಟನ್ನೂ ಕನಿಷ್ಠ ಎರಡು ಖಾತೆಗಳಲ್ಲಿ ಬರೆಯುವ ಕ್ರಮವನ್ನೇ, ಅದು ಅನುಸರಿಸುತ್ತದೆ. 2010ರ ಕೊನೆಗೆ ಬಂದ 2.4 ಆವೃತ್ತಿಯಿಂದ ಲೆಕ್ಕವನ್ನು ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್‌ಗಳಲ್ಲಿಯೂ ಉಳಿಸಬಹುದಾಗಿದೆ. ಹಾಗೆ ಉಳಿಸಿದ ಕಡತವನ್ನು ತೆರೆದರೆ ಮುಖ್ಯವಾಗಿ ಮೂರು ಕೋಷ್ಟಕಗಳು ಕಾಣುತ್ತವೆ. ಒಂದರಲ್ಲಿ ಖಾತೆಗಳು. ಇನ್ನೊಂದರಲ್ಲಿ ವಹಿವಾಟುಗಳು, ಎಂದರೆ ಯಾವ ದಿನ, ಏನು ವಿವರ. ಮೂರನೆಯದು ‘ಸ್ಪ್ಲಿಟ್’ಗಳದ್ದು: ಒಂದು ವಹಿವಾಟಿನ ಯಾವ ಪಾಲು ಯಾವ ಖಾತೆಗೆ ಹೋಯಿತು ಎಂಬುದು. ಗೃಹಸಾಲದ ಕಂತು ಕಟ್ಟಿದಾಗ ಬ್ಯಾಂಕ್ ಖಾತೆಯಿಂದ ಒಂದೇ ಮೊತ್ತ ಹೊರಟರೂ ಅಸಲಿನ ಪಾಲು ಸಾಲದ ಖಾತೆಗೆ, ಬಡ್ಡಿಯ ಪಾಲು ಖರ್ಚಿನ ಖಾತೆಗೆ ಹೋಗುವುದು ಈ ಮೂರನೆಯ ಕೋಷ್ಟಕದಲ್ಲಿ. ಕಂತು ಕಟ್ಟಿದ್ದೆಲ್ಲ ಖರ್ಚಲ್ಲ, ಅದರ ಒಂದು ಭಾಗ ಸಾಲ ಇಳಿದದ್ದು ಎಂಬ ತಿಳಿವಳಿಕೆಯನ್ನು ಪಾಸ್‌ಬುಕ್ ಕೊಡುವುದಿಲ್ಲ, ಈ ಕ್ರಮ ಕೊಡುತ್ತದೆ.

ಇನ್ನು ಖಾತೆಗಳ ಕೋಷ್ಟಕದಲ್ಲಿ ಶ್ರೇಣಿ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ಒಂದೇ ಒಂದು ಕಾಲಂ. ಪ್ರತಿ ಖಾತೆಗೂ ಮೂವತ್ತೆರಡು ಅಕ್ಷರಗಳ ಒಂದು ಗುರುತು ಇರುತ್ತದೆ. ಅದೇ ಸಾಲಿನ ಇನ್ನೊಂದು ಕಾಲಂನಲ್ಲಿ ಅದರ ತಾಯಿ ಖಾತೆಯ ಗುರುತು ಇರುತ್ತದೆ. ಅಷ್ಟೇ. ‘ದಿನಸಿ’ಗೆ ತನ್ನ ಮೇಲೆ ‘ಊಟ-ತಿಂಡಿ’ ಇದೆ ಎಂದು ಗೊತ್ತು, ಅದರ ಮೇಲೆ ‘ಖರ್ಚು’ ಇದೆ ಎಂದು ಗೊತ್ತಿಲ್ಲ. ‘ಊಟ-ತಿಂಡಿ’ಗೆ ತನ್ನ ಕೆಳಗೆ ಯಾರಿದ್ದಾರೆಂಬ ಪಟ್ಟಿಯೇ ಇಲ್ಲ. ಮನೆತನದ ಪ್ರತಿಯೊಬ್ಬರೂ ತಮ್ಮ ತಾಯಿಯ ಹೆಸರನ್ನು ಮಾತ್ರ ಒಂದೊಂದು ಚೀಟಿಯಲ್ಲಿ ಬರೆದುಕೊಟ್ಟರೆ ಆ ಚೀಟಿಗಳಿಂದ ಇಡೀ ವಂಶವೃಕ್ಷವನ್ನು ಬರೆಯಬಹುದಲ್ಲ, ಹಾಗೆ. ಈ ಮಿತವ್ಯಯದಲ್ಲೊಂದು ದೊಡ್ಡ ಅನುಕೂಲವಿದೆ. ಮಕ್ಕಳ ಟ್ಯೂಷನ್ ಖರ್ಚನ್ನು ‘ಇತರೆ’ ಎಂಬಲ್ಲಿಂದ ತೆಗೆದು ‘ವಿದ್ಯಾಭ್ಯಾಸ’ದ ಕೆಳಗೆ ತರಬೇಕೆನ್ನಿಸಿದರೆ ಬದಲಾಗುವುದು ಕೋಷ್ಟಕದ ಒಂದು ಚೌಕ, ಒಂದು ಗುರುತು. ಹತ್ತು ವರ್ಷಗಳ ಟ್ಯೂಷನ್ ಫೀಸಿನ ನಮೂದುಗಳಲ್ಲಿ ಒಂದನ್ನೂ ಮುಟ್ಟಬೇಕಾಗಿಲ್ಲ. ಅಭಿಪ್ರಾಯ ಬದಲಾಯಿತು, ಸಂಗತಿ ಹಾಗೆಯೇ ಉಳಿಯಿತು.

ಕಷ್ಟ ಶುರುವಾಗುವುದು ಪ್ರಶ್ನೆ ಕೇಳುವಾಗ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ಸ್ವಲ್ಪ ಕಲಿತವರು ಸಹಜವಾಗಿ ಮಾಡುವುದೇನೆಂದರೆ ಖಾತೆಗಳ ಕೋಷ್ಟಕವನ್ನು ಅದರೊಂದಿಗೇ ಒಮ್ಮೆ ಜೋಡಿಸುವುದು: ‘ಊಟ-ತಿಂಡಿ’ ಯಾವುದಕ್ಕೆ ತಾಯಿಯೋ ಆ ಖಾತೆಗಳನ್ನೆಲ್ಲ ತಂದು ಅವುಗಳ ನಮೂದುಗಳನ್ನು ಕೂಡಿಸು. ದಿನಸಿ, ಹಾಲು, ತರಕಾರಿ, ಹೋಟೆಲ್ ಎಲ್ಲ ಬರುತ್ತವೆ, ಉತ್ತರ ಸರಿಯಾಗಿರುತ್ತದೆ. ಮುಂದೊಂದು ದಿನ ಮನೆಯಲ್ಲಿ ಯಾರೋ ‘ಹೋಟೆಲ್’ ಖಾತೆಯನ್ನು ಒಡೆದು, ಮೊಬೈಲಿನಲ್ಲಿ ತರಿಸಿಕೊಂಡದ್ದು ಬೇರೆ, ಹೋಗಿ ತಿಂದದ್ದು ಬೇರೆ ಎಂದು ಎರಡು ಮರಿ ಖಾತೆ ಮಾಡುತ್ತಾರೆ. ಅಂದಿನಿಂದ ಹೋಟೆಲಿನ ಖರ್ಚೆಲ್ಲ ಇನ್ನೊಂದು ಮೆಟ್ಟಿಲು ಕೆಳಗಿಳಿಯುತ್ತದೆ, ಹಳೆಯ ಪ್ರಶ್ನೆಯ ಕೈಗೆ ಸಿಗುವುದಿಲ್ಲ. ಕಂಪ್ಯೂಟರು ತಪ್ಪು ಎಂದು ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿದೆ, ಪ್ರಶ್ನೆಯೇ ಗಿಡ್ಡ. ಬಂದ ಮೊತ್ತ ಮೊದಲಿಗಿಂತ ಕಡಿಮೆ, ಮತ್ತು ಖರ್ಚು ಕಡಿಮೆಯಾಗಿದೆ ಎಂಬ ಸುದ್ದಿಯನ್ನು ಯಾವ ಮನೆಯೂ ಅನುಮಾನಿಸುವುದಿಲ್ಲ. ಎರಡು ಮೆಟ್ಟಿಲಿಗೆ ಬದಲು ಮೂರು, ಮೂರಕ್ಕೆ ಬದಲು ಐದು ಸಲ ಜೋಡಿಸಿದರಾಯಿತು ಎನ್ನಬಹುದು. ಅದು ತಪ್ಪನ್ನು ಮುಂದೂಡುತ್ತದೆಯೇ ಹೊರತು ತೆಗೆಯುವುದಿಲ್ಲ. ಮರದ ಆಳವನ್ನು ಊಹಿಸಿಕೊಂಡು ಕೇಳುವ ಪ್ರಶ್ನೆ, ಮರ ಆ ಊಹೆಯನ್ನು ಮೀರಿ ಬೆಳೆದ ದಿನ ಸುಳ್ಳಾಗುತ್ತದೆ.

ಇದು ಮನೆ ಲೆಕ್ಕದವರ ಅಜ್ಞಾನವೇನಲ್ಲ; ಡೇಟಾಬೇಸ್‌ಗಳ ಚರಿತ್ರೆಯಲ್ಲೇ ಇರುವ ತೊಡಕು. 1960ರ ದಶಕದಲ್ಲಿ ಅಪೊಲೊ ಚಂದ್ರಯಾನದ ಅಸಂಖ್ಯ ಬಿಡಿಭಾಗಗಳ ಪಟ್ಟಿಯನ್ನು ನಿಭಾಯಿಸಲು ಐಬಿಎಂ ರೂಪಿಸಿದ ಐಎಂಎಸ್ ವ್ಯವಸ್ಥೆ ಮಾಹಿತಿಯನ್ನು ಮರದ ರೂಪದಲ್ಲೇ ಇಡುತ್ತಿತ್ತು. ಯಂತ್ರದೊಳಗೆ ಭಾಗ, ಭಾಗದೊಳಗೆ ಉಪಭಾಗ. ಆದರೆ ಆ ಮರ ಗಟ್ಟಿ. ಮೊದಲೇ ಹಾಕಿಟ್ಟ ದಾರಿಯಲ್ಲದೆ ಬೇರೆ ದಿಕ್ಕಿನಿಂದ ಪ್ರಶ್ನೆ ಕೇಳಲು ಹೋದರೆ ಪ್ರೋಗ್ರಾಮನ್ನೇ ತಿದ್ದಬೇಕಾಗುತ್ತಿತ್ತು. ಅದೇ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಾಹಿತಿಯನ್ನು ಸರಳ ಕೋಷ್ಟಕಗಳಲ್ಲಿಟ್ಟು ಸಂಬಂಧಗಳನ್ನು ಪ್ರಶ್ನೆ ಕೇಳುವಾಗ ಜೋಡಿಸಿಕೊಳ್ಳಬೇಕೆಂದು ವಾದಿಸಿದರು. ಇಂದಿನ ಎಸ್‌ಕ್ಯೂಎಲ್ ಹುಟ್ಟಿದ್ದು ಆ ವಾದದಿಂದ. ಆದರೆ ಕೋಷ್ಟಕಗಳನ್ನು ಜೋಡಿಸುವ ಕಾಡ್ ಅವರ ಬೀಜಗಣಿತಕ್ಕೆ ಒಂದು ಮಿತಿಯಿತ್ತು. ಎಷ್ಟು ಮೆಟ್ಟಿಲೆಂದು ಮೊದಲೇ ಗೊತ್ತಿಲ್ಲದ ಸಂತತಿಯನ್ನು ಹುಡುಕಲು ಅದರಿಂದ ಸಾಧ್ಯವೇ ಇಲ್ಲವೆಂದು ಆಲ್ಫ್ರೆಡ್ ಆಹೊ ಮತ್ತು ಜೆಫ್ರಿ ಉಲ್‌ಮನ್ 1979ರಲ್ಲಿ ಸಾಧಿಸಿ ತೋರಿಸಿದರು. ಎಷ್ಟೇ ಜಾಣತನದಿಂದ ಬರೆದರೂ ಆಗದು ಎಂಬುದಕ್ಕೆ ಅದು ಗಣಿತದ ಪುರಾವೆ. ಒರಾಕಲ್ ಕಂಪನಿ ‘ಕನೆಕ್ಟ್ ಬೈ’ ಎಂಬ ತನ್ನದೇ ಉಪಾಯ ಮಾಡಿಕೊಂಡಿತ್ತು. ಎಲ್ಲರಿಗೂ ಒಪ್ಪಿತವಾದ ಪರಿಹಾರ ಬಂದದ್ದು 1999ರ ಎಸ್‌ಕ್ಯೂಎಲ್ ಮಾನಕದಲ್ಲಿ, ‘ವಿತ್ ರಿಕರ್ಸಿವ್’ ಎಂಬ ಎರಡು ಪದಗಳಾಗಿ. ಅದು ಪೋಸ್ಟ್‌ಗ್ರೆಸ್‌ಗೆ 2009ರಲ್ಲಿ, ಮೊಬೈಲು-ಲ್ಯಾಪ್‌ಟಾಪ್‌ಗಳಲ್ಲೆಲ್ಲ ಅಡಗಿರುವ ಎಸ್‌ಕ್ಯೂಲೈಟ್‌ಗೆ 2014ರಲ್ಲಿ, ಮೈಎಸ್‌ಕ್ಯೂಎಲ್‌ಗೆ 2018ರಲ್ಲಿ ಬಂತು. ಹಳೆಯ ಪುಸ್ತಕಗಳು ಇಂಥ ಪ್ರಶ್ನೆಗಳಿಗೆ ಸುತ್ತುಬಳಸಿನ ದಾರಿಗಳನ್ನು ಕಲಿಸುವುದೇಕೆಂದು ಇದರಿಂದ ಗೊತ್ತಾಗುತ್ತದೆ.

ಹೊಸ ದಾರಿ ನಡೆಯುವ ಬಗೆ ಹೀಗೆ. ಮೊದಲು ಒಂದು ಖಾಲಿ ಪಟ್ಟಿಗೆ ‘ಊಟ-ತಿಂಡಿ’ಯನ್ನು ಹಾಕುತ್ತೇವೆ. ಆಮೇಲೆ ಡೇಟಾಬೇಸ್‌ಗೆ ಹೇಳುವುದು ಒಂದೇ ಮಾತು: ಈಗ ಪಟ್ಟಿಗೆ ಸೇರಿದವು ಯಾವ ಯಾವ ಖಾತೆಗಳಿಗೆ ತಾಯಿಯೋ ಅವನ್ನೂ ಪಟ್ಟಿಗೆ ಸೇರಿಸು, ಹೊಸದಾಗಿ ಸೇರಿದವುಗಳ ಬಗ್ಗೆಯೂ ಅದನ್ನೇ ಕೇಳು, ಹೊಸದು ಏನೂ ಸಿಗದಾದಾಗ ನಿಲ್ಲು. ಮೊದಲ ಸುತ್ತಿನಲ್ಲಿ ದಿನಸಿ, ಹಾಲು, ತರಕಾರಿ, ಹೋಟೆಲ್ ಬರುತ್ತವೆ. ಎರಡನೆಯದರಲ್ಲಿ ಅಕ್ಕಿ-ಬೇಳೆ, ಎಣ್ಣೆ, ತರಿಸಿಕೊಂಡದ್ದು, ಹೋಗಿ ತಿಂದದ್ದು. ಮೂರನೆಯ ಸುತ್ತು ಬರಿಗೈಯಲ್ಲಿ ಮರಳುತ್ತದೆ, ಕೆಲಸ ಮುಗಿಯುತ್ತದೆ. ಆಳವೆಷ್ಟು ಎಂದು ನಾವು ಎಲ್ಲಿಯೂ ಹೇಳಲಿಲ್ಲ ಎನ್ನುವುದನ್ನು ಗಮನಿಸಬೇಕು. ನಾಳೆ ಎಣ್ಣೆಯನ್ನು ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಎಂದು ಒಡೆದರೂ ಇದೇ ಪ್ರಶ್ನೆ ಸರಿಯಾದ ಉತ್ತರ ತರುತ್ತದೆ. ಪಟ್ಟಿ ಸಿದ್ಧವಾದ ಮೇಲೆ ಉಳಿದದ್ದು ಸುಲಭ: ಆ ಖಾತೆಗಳಿಗೆ ಬಿದ್ದ ಸ್ಪ್ಲಿಟ್‌ಗಳಲ್ಲಿ ಏಪ್ರಿಲ್ 1ರಿಂದ ಮಾರ್ಚ್ 31ರ ನಡುವಿನವನ್ನು ಆರಿಸಿ ಕೂಡಿಸುವುದು.

ಸುಲಭವೆಂದೆನಾದರೂ ಎರಡು ಕಡೆ ಕಾಲು ಜಾರುತ್ತದೆ. ಗ್ನುಕ್ಯಾಶ್ ಮೊತ್ತವನ್ನು ದಶಾಂಶದಲ್ಲಿ ಬರೆಯದೆ ಭಿನ್ನರಾಶಿಯಾಗಿ ಬರೆಯುತ್ತದೆ. ನಲವತ್ತೊಂಬತ್ತೂವರೆ ರೂಪಾಯಿ ಎಂದರೆ ಅಂಶ 4950, ಛೇದ 100. ದಶಾಂಶಗಳನ್ನು ಕಂಪ್ಯೂಟರು ಎರಡರ ಘಾತಗಳಲ್ಲಿ ಅಂದಾಜಿಸುವಾಗ ಪೈಸೆಗಳು ಸೋರಿಹೋಗದಿರಲಿ ಎಂಬ ಎಚ್ಚರ ಅದು. ಆದರೆ ಎಸ್‌ಕ್ಯೂಲೈಟ್‌ನಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಬರುವುದೂ ಪೂರ್ಣಾಂಕವೇ, 49. ಪ್ರತಿ ಸಾಲಿನಲ್ಲೂ ಹೀಗೆ ಭಾಗಿಸಿ ಆಮೇಲೆ ಕೂಡಿಸಿದವರು ಪೈಸೆಯನ್ನೆಲ್ಲ ಕಳೆದುಕೊಳ್ಳುತ್ತಾರೆ. ಇನ್ನೊಂದು ದಿನಾಂಕದ್ದು. ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವುದರಿಂದ, ಇಲ್ಲಿಯ ಏಪ್ರಿಲ್ 1ರ ಮಧ್ಯರಾತ್ರಿಯನ್ನು ಗ್ರೀನಿಚ್ ಕಾಲದಲ್ಲಿ ಬರೆದರೆ ಅದು ಮಾರ್ಚ್ 31ರ ಸಂಜೆ ಆರೂವರೆ. ಆರ್ಥಿಕ ವರ್ಷವೇ ಬದಲಾಗಿಬಿಡುತ್ತದೆ. ಈಚಿನ ಗ್ನುಕ್ಯಾಶ್ ದಿನಾಂಕದ ಜೊತೆಗೆ ಗ್ರೀನಿಚ್‌ನ 10 ಗಂಟೆ 59 ನಿಮಿಷವನ್ನು ಬರೆಯುವುದು ಇಂಥ ಪಲ್ಲಟ ತಪ್ಪಿಸಲಿಕ್ಕಾಗಿ.

ಬಂದ ಉತ್ತರ ಸರಿಯೆಂದು ನಂಬುವುದು ಹೇಗೆ? ಜೋಡಿ ನಮೂದಿನ ಪದ್ಧತಿಯ ನಿಜವಾದ ಚೆಲುವು ನನಗೆ ಕಾಣುವುದು ಇಲ್ಲಿ. ಗ್ನುಕ್ಯಾಶ್‌ನ ಕೋಷ್ಟಕದಲ್ಲಿ ಖರ್ಚು ಮತ್ತು ಆಸ್ತಿಗೆ ಬಂದದ್ದು ಧನ ಸಂಖ್ಯೆ. ಆದಾಯ ಮತ್ತು ಸಾಲ ಋಣ ಸಂಖ್ಯೆ. ಒಂದು ವಹಿವಾಟಿನ ಸ್ಪ್ಲಿಟ್‌ಗಳನ್ನು ಕೂಡಿದರೆ ಸೊನ್ನೆ ಬರಲೇಬೇಕು. ಹಾಗಾದರೆ ಎಲ್ಲ ವಹಿವಾಟುಗಳೂ ರೂಪಾಯಿಯಲ್ಲೇ ಇರುವ ಲೆಕ್ಕದಲ್ಲಿ, ಇಡೀ ಮರದ ತುದಿಯಲ್ಲಿರುವ ಬೇರು ಖಾತೆಯಿಂದ ಹೊರಟು ಕೆಳಗಿನದನ್ನೆಲ್ಲ ಕೂಡಿದರೂ ಸೊನ್ನೆಯೇ ಬರಬೇಕು. ನಮ್ಮ ಪ್ರಶ್ನೆಯಲ್ಲಿ ‘ಊಟ-ತಿಂಡಿ’ಯ ಬದಲು ಆ ಬೇರು ಖಾತೆಯನ್ನಿಟ್ಟು ಒಮ್ಮೆ ಕೇಳಿ ನೋಡಬೇಕು. ಸೊನ್ನೆ ಬಂದರೆ ಯಾವ ಕೊಂಬೆಯೂ ತಪ್ಪಿಲ್ಲ, ಯಾವುದೂ ಎರಡು ಸಲ ಸೇರಿಲ್ಲ ಎಂಬುದಕ್ಕೆ ಗಟ್ಟಿಯಾದ ಸಾಕ್ಷಿ. ಮೂರೇ ಮೆಟ್ಟಿಲಿಗೆ ನಿಲ್ಲುವ ಗಿಡ್ಡ ಪ್ರಶ್ನೆ, ಮರ ಅದಕ್ಕಿಂತ ಆಳವಾಗಿದ್ದರೆ, ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಬರಿಯ ಖರ್ಚಿನ ಪಟ್ಟಿಯಿಟ್ಟುಕೊಂಡವರಿಗೆ ಇಂಥ ತಪಾಸಣೆ ಸಿಗುವುದಿಲ್ಲ. ಒಂದು ಎಚ್ಚರಿಕೆ: ಮ್ಯೂಚುವಲ್ ಫಂಡ್ ಯೂನಿಟ್ಟು, ಚಿನ್ನದ ಗ್ರಾಮು ಇಂಥವನ್ನೂ ಖಾತೆಗಳಾಗಿ ಇಟ್ಟವರು ಕೂಡಬೇಕಾದ್ದು ಸ್ಪ್ಲಿಟ್‌ನ ‘ವ್ಯಾಲ್ಯೂ’ ಕಾಲಮನ್ನು. ‘ಕ್ವಾಂಟಿಟಿ’ ಕಾಲಮನ್ನು ಕೂಡಿದರೆ ಗ್ರಾಮಿಗೆ ರೂಪಾಯಿ ಸೇರಿಸಿದಂತಾಗುತ್ತದೆ.

ಪ್ರತಿ ಕೊಂಬೆಯ ಮೊತ್ತವನ್ನೂ ಒಟ್ಟಿಗೇ ತೋರಿಸುವ ಪಟ್ಟಿ ಬೇಕೆಂದಾಗ ಇನ್ನೊಂದು ಗೊಂದಲ ಎದುರಾಗುತ್ತದೆ. ಅಂಥ ಪಟ್ಟಿಯಲ್ಲಿ ಎಣ್ಣೆಯ ಇನ್ನೂರು ರೂಪಾಯಿ ‘ಎಣ್ಣೆ’ಯ ಸಾಲಿನಲ್ಲೂ ‘ದಿನಸಿ’ಯಲ್ಲೂ ‘ಊಟ-ತಿಂಡಿ’ಯಲ್ಲೂ ‘ಖರ್ಚಿ’ನಲ್ಲೂ ಇರುತ್ತದೆ, ಇರಬೇಕು. ಪಟ್ಟಿಯ ಕೊನೆಗೆ ಎಲ್ಲ ಸಾಲುಗಳನ್ನೂ ಕೂಡಿಬಿಟ್ಟರೆ ಅದೇ ಇನ್ನೂರು ಎಂಟುನೂರಾಗುತ್ತದೆ. ಮೊತ್ತಗಳು ಮೇಲಕ್ಕೆ ಏರಿದ ಮೇಲೆ ಮತ್ತೆ ಅಡ್ಡಡ್ಡ ಕೂಡುವಂತಿಲ್ಲ. ಈ ಅಪಾಯವನ್ನು ನಮ್ಮ ಅಂಗಡಿ-ಕಚೇರಿಗಳ ಲೆಕ್ಕಿಗರು ಚೆನ್ನಾಗಿ ಬಲ್ಲರು. 1986ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ನೆಲೆನಿಂತ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ‘ಗ್ರೂಪ್’ ಬೇರೆ, ‘ಲೆಡ್ಜರ್’ ಬೇರೆ. ನಮೂದು ಬೀಳುವುದು ಲೆಡ್ಜರಿಗೆ ಮಾತ್ರ, ಗ್ರೂಪ್ ಕೂಡಿ ತೋರಿಸುವುದಕ್ಕೆ ಮಾತ್ರ. ‘ಸಂಡ್ರಿ ಡೆಟರ್ಸ್’ ಎಂಬ ಗ್ರೂಪಿಗೆ ಯಾರೂ ನೇರವಾಗಿ ಹಣ ಬರೆಯುವುದಿಲ್ಲ, ಅದರ ಕೆಳಗಿನ ಗಿರಾಕಿಯ ಹೆಸರಿಗೆ ಬರೆಯುತ್ತಾರೆ. ಗ್ನುಕ್ಯಾಶ್‌ನಲ್ಲಿ ತಾಯಿ ಖಾತೆಗೂ ನೇರವಾಗಿ ಬರೆಯಲು ಅವಕಾಶವಿದೆ. ಬೇಡವೆಂದರೆ ಅದನ್ನು ‘ಪ್ಲೇಸ್‌ಹೋಲ್ಡರ್’ ಎಂದು ಗುರುತಿಸಬೇಕು. ಟ್ಯಾಲಿಯ ಶಿಸ್ತನ್ನು ಮನೆಯ ಲೆಕ್ಕಕ್ಕೂ ತರುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ‘ಊಟ-ತಿಂಡಿ’ಗೆ ನೇರವಾಗಿ ಬರೆದ ಐನೂರು ರೂಪಾಯಿ ಯಾವುದರದ್ದೆಂದು ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಇಷ್ಟೆಲ್ಲ ಏಕೆ, ತಂತ್ರಾಂಶವೇ ವರದಿ ಕೊಡುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಗ್ನುಕ್ಯಾಶ್‌ನ ಖಾತೆಗಳ ಪುಟದಲ್ಲಿಯೇ ಮರಿ ಖಾತೆಗಳನ್ನು ಸೇರಿಸಿದ ಮೊತ್ತ ಕಾಣುತ್ತದೆ. ಎಷ್ಟು ಆಳದವರೆಗೆ ತೋರಿಸಬೇಕೆಂದು ಕೇಳುವ ವರದಿಗಳೂ ಇವೆ. ಬಹುಪಾಲು ದಿನಗಳಿಗೆ ಅಷ್ಟು ಸಾಕು. ಆದರೆ ವರದಿ ಎನ್ನುವುದು ಬೇರೆ ಯಾರೋ ಮೊದಲೇ ಊಹಿಸಿದ ಪ್ರಶ್ನೆ. ಐದು ವರ್ಷಗಳಲ್ಲಿ ಪ್ರತಿ ಜೂನ್‌ನಲ್ಲಿ ವಿದ್ಯಾಭ್ಯಾಸದ ಕೊಂಬೆ ಒಟ್ಟು ಖರ್ಚಿನ ಶೇಕಡಾ ಎಷ್ಟಾಗಿತ್ತು, ಸಂಬಳ ಏರಿದ ವರ್ಷ ಯಾವ ಕೊಂಬೆ ಎಲ್ಲಕ್ಕಿಂತ ಬೇಗ ಹಿಗ್ಗಿತು, ಆಸ್ಪತ್ರೆಯ ಖರ್ಚು ಬಂದ ತಿಂಗಳ ಹಿಂದುಮುಂದಿನ ತಿಂಗಳುಗಳಲ್ಲಿ ಯಾವುದನ್ನು ಕಡಿತ ಮಾಡಲಾಯಿತು ಎಂಬ ಪ್ರಶ್ನೆಗಳು ಒಂದೊಂದು ಮನೆಗೂ ಬೇರೆ. ಗ್ನುಕ್ಯಾಶ್‌ನ ವರದಿಗಳನ್ನು ಬರೆದಿರುವುದು ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅದನ್ನು ಕಲಿತು ವರದಿಯನ್ನು ತಿದ್ದುವುದಕ್ಕಿಂತ ಹತ್ತಿಪ್ಪತ್ತು ಸಾಲಿನ ಎಸ್‌ಕ್ಯೂಎಲ್ ಬರೆಯುವುದು ಹಗುರ. ಎಕ್ಸೆಲ್ ಹಾಳೆಯಲ್ಲೇ ಮಾಡಬಹುದಲ್ಲವೇ ಎಂದರೆ, ಮಾಡಬಹುದು. ಆದರೆ ಅಲ್ಲಿ ಮೊತ್ತದ ಸೂತ್ರ ಇಂತಿಷ್ಟನೆಯ ಸಾಲಿನಿಂದ ಇಂತಿಷ್ಟನೆಯ ಸಾಲಿನವರೆಗೆ ಎಂದು ಜಾಗಕ್ಕೆ ಅಂಟಿಕೊಂಡಿರುತ್ತದೆ. ಆ ಮಿತಿಯ ಆಚೆ ಹೊಸ ಸಾಲು ಸೇರಿಸಿದಾಗ ಮೊತ್ತ ಅದನ್ನು ಬಿಟ್ಟುಬಿಡುವುದು ಲೆಕ್ಕ ಬಲ್ಲವರೆಲ್ಲ ಕಂಡ ಸಂಗತಿ.

ತಾಯಿಯ ಗುರುತಿನ ಬದಲು ಪೂರ್ತಿ ದಾರಿಯನ್ನೇ ಹೆಸರಿನಲ್ಲಿ ಬರೆದರೆ ಸುತ್ತು ಹಾಕುವ ಗೊಡವೆಯೇ ಇರುವುದಿಲ್ಲ ಎನ್ನುವವರಿದ್ದಾರೆ. ಜಾನ್ ವೀಗ್ಲಿ 2003ರಲ್ಲಿ ಶುರುಮಾಡಿದ ಲೆಡ್ಜರ್ ಎಂಬ ತಂತ್ರಾಂಶ ಮತ್ತು ಅದನ್ನು ಅನುಸರಿಸಿ ಬಂದವು ಹಾಗೆಯೇ ಮಾಡುತ್ತವೆ: ಖರ್ಚು, ಒಂದು ಕೋಲನ್ ಚಿಹ್ನೆ, ಊಟ, ಮತ್ತೊಂದು ಚಿಹ್ನೆ, ದಿನಸಿ. ಸರಳ ಪಠ್ಯದ ಕಡತದಲ್ಲಿ ಲೆಕ್ಕವಿಡುವವರಿಗೆ ಇದು ಸೊಗಸಾದ ಕ್ರಮ, ಕಣ್ಣಿಗೂ ಓದಲು ಸುಲಭ. ಡೇಟಾಬೇಸ್‌ನಲ್ಲಿ ಇದನ್ನೇ ಮಾಡಿದರೆ ತೊಂದರೆ ಬೇರೆ. ‘ಖರ್ಚು:ಮನೆ’ ಎಂದು ಶುರುವಾಗುವ ಖಾತೆಗಳನ್ನೆಲ್ಲ ಕೊಡು ಎಂದರೆ ‘ಖರ್ಚು:ಮನೆಗೆಲಸ’ವೂ ಜೊತೆಯಲ್ಲಿ ಬಂದುಬಿಡುತ್ತದೆ. ಚಿಹ್ನೆಯನ್ನೂ ಸೇರಿಸಿ ಕೇಳುವ ಎಚ್ಚರದಿಂದ ಇದನ್ನು ತಪ್ಪಿಸಬಹುದು. ಆದರೆ ನಡುವಿನ ಒಂದು ಹೆಸರು ಬದಲಾದರೆ ಅದರ ಕೆಳಗಿನ ಎಲ್ಲ ಹೆಸರುಗಳನ್ನೂ ತಿದ್ದಬೇಕು. ಪ್ರತಿ ಖಾತೆಗೂ ಎಡ-ಬಲದ ಎರಡು ಸಂಖ್ಯೆ ಕೊಟ್ಟು ಇಡೀ ಕೊಂಬೆಯನ್ನು ಒಂದೇ ಏಟಿಗೆ ಹಿಡಿಯುವ ‘ನೆಸ್ಟೆಡ್ ಸೆಟ್’ ವಿಧಾನವನ್ನು ಜೋ ಸೆಲ್ಕೊ ತಮ್ಮ ಪುಸ್ತಕಗಳಲ್ಲಿ ಪ್ರಚಾರಕ್ಕೆ ತಂದರು. ಓದಲು ಅದು ವೇಗ, ಆದರೆ ಒಂದು ಖಾತೆ ಸೇರಿಸಿದರೆ ಎಷ್ಟೋ ಖಾತೆಗಳ ಸಂಖ್ಯೆ ತಿದ್ದಬೇಕು. ಲಕ್ಷಗಟ್ಟಲೆ ಕೊಂಬೆಗಳಿರುವಲ್ಲಿ ಆ ವೇಗಕ್ಕೆ ಬೆಲೆಯಿದೆ. ಮನೆಯೊಂದರ ಲೆಕ್ಕದಲ್ಲಿ ಖಾತೆಗಳು ನೂರಿನ್ನೂರು. ಮರ ಹತ್ತುವ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದಕ್ಕೆ ನಾನು ಅರ್ಧ ಒಪ್ಪುತ್ತೇನೆ. ಬದುಕು ಒಂದೇ ಮರದಲ್ಲಿ ಹಿಡಿಸುವುದಿಲ್ಲ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಸಂಬಳದಾರರು ಕೇಳುತ್ತಿದ್ದ ಪ್ರಶ್ನೆಯನ್ನೇ ನೋಡಿ: 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಅಡಿ ಒಂದೂವರೆ ಲಕ್ಷದ ಮಿತಿಗೆ ಈ ವರ್ಷ ಎಷ್ಟು ಸೇರಿತು? ಪಿಎಫ್, ಪಿಪಿಎಫ್ ಇರುವುದು ಆಸ್ತಿಯ ಕೊಂಬೆಯಲ್ಲಿ. ಮಕ್ಕಳ ಶಾಲೆಯ ಬೋಧನಾ ಶುಲ್ಕ ಖರ್ಚಿನ ಕೊಂಬೆಯಲ್ಲಿ. ಗೃಹಸಾಲದ ಅಸಲು ಸಾಲದ ಕೊಂಬೆಯಲ್ಲಿ. ಎಲ್‌ಐಸಿ ಕಂತನ್ನು ಕೆಲವರು ಖರ್ಚೆನ್ನುತ್ತಾರೆ, ಕೆಲವರು ಉಳಿತಾಯವೆನ್ನುತ್ತಾರೆ. ಮೂರು ಕೊಂಬೆಗಳನ್ನು ಅಡ್ಡ ಕತ್ತರಿಸುವ ಇಂಥ ಪ್ರಶ್ನೆಗೆ ಮರದಲ್ಲಿ ಉತ್ತರವಿಲ್ಲ, ಮರವನ್ನು ಹೇಗೆ ತಿರುಗಿಸಿದರೂ ಸಿಗುವುದಿಲ್ಲ. ಹಾಗೆಂದು ಮರವನ್ನೇ ಕಡಿದು ಎಲ್ಲಕ್ಕೂ ಟ್ಯಾಗ್ ಅಂಟಿಸೋಣ ಎನ್ನುವವರ ಜೊತೆ ನಾನು ಹೋಗಲಾರೆ. ಒಂದು ಖರ್ಚಿಗೆ ಮೂರು ಟ್ಯಾಗ್ ಇರಬಹುದು, ಒಂದೂ ಇಲ್ಲದಿರಬಹುದು. ಟ್ಯಾಗ್‌ಗಳ ಮೊತ್ತಗಳನ್ನು ಕೂಡಿದರೆ ಒಟ್ಟು ಖರ್ಚು ಬರುವುದಿಲ್ಲ, ಸೊನ್ನೆಯ ಪರೀಕ್ಷೆಯೂ ನಡೆಯುವುದಿಲ್ಲ. ಪ್ರತಿ ರೂಪಾಯಿಯೂ ಒಂದೇ ಸ್ಥಾನದಲ್ಲಿ ನಿಲ್ಲುವ ಭರವಸೆಯನ್ನು ಮರ ಕೊಡುತ್ತದೆ. ಅಡ್ಡ ಪ್ರಶ್ನೆಗಳಿಗೆ ಯಾವ ಖಾತೆ ಯಾವ ಕಲಮಿಗೆ ಸೇರುತ್ತದೆ ಎಂದು ಹೇಳುವ ಸಣ್ಣದೊಂದು ಕೋಷ್ಟಕವನ್ನು ಗ್ನುಕ್ಯಾಶ್‌ನ ಕಡತದಿಂದ ಹೊರಗೆ ಬೇರೆಯಾಗಿ ಇಟ್ಟುಕೊಂಡು, ಕೇಳುವಾಗ ಜೋಡಿಸಿಕೊಂಡರೆ ಸಾಕು. ಕಾನೂನು ಬದಲಾದಾಗ ಆ ಕೋಷ್ಟಕ ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ.

ಖಾತೆಯನ್ನು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸರಿಸಿದರೆ ಹಿಂದಿನ ವರ್ಷಗಳ ಮೊತ್ತವೂ ಬದಲಾಗುತ್ತದಲ್ಲ, ಹೋದ ವರ್ಷ ಬರೆದಿಟ್ಟ ವರದಿಗೂ ಇಂದಿನ ಉತ್ತರಕ್ಕೂ ತಾಳೆಯಾಗುವುದಿಲ್ಲವಲ್ಲ ಎಂದೂ ಕೇಳಬಹುದು. ಆಗುವುದಿಲ್ಲ, ನಿಜ. ಹೆಚ್ಚಿನ ಸಲ ಅದೇ ಬೇಕಾದದ್ದು: ಐದು ವರ್ಷಗಳನ್ನು ಹೋಲಿಸುವಾಗ ಐದಕ್ಕೂ ಒಂದೇ ವಿಂಗಡಣೆ ಇರದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಹಳೆಯ ವಿಂಗಡಣೆ ಹಾಗೆಯೇ ಉಳಿಯಬೇಕೆಂಬ ಕಡೆ ಖಾತೆಯನ್ನು ಸರಿಸದೆ ಹೊಸ ಕೊಂಬೆಯಲ್ಲಿ ಹೊಸ ಖಾತೆ ತೆರೆದು, ಹಳೆಯದನ್ನು ಪರದೆಯಿಂದ ಮರೆಮಾಡುವ ಅನುಕೂಲ ಗ್ನುಕ್ಯಾಶ್‌ನಲ್ಲಿದೆ. ಮರೆಯಾದರೂ ಅದು ಡೇಟಾಬೇಸ್‌ನಲ್ಲಿ ಇರುತ್ತದೆ, ನಮ್ಮ ಪ್ರಶ್ನೆ ಅದನ್ನೂ ಎಣಿಸುತ್ತದೆ. ಇದನ್ನೆಲ್ಲ ಪ್ರಯತ್ನಿಸಿ ನೋಡಬೇಕೆನ್ನುವವರು ಕಡತದ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯನ್ನೇ ಎಸ್‌ಕ್ಯೂಲೈಟ್‌ನಲ್ಲಿ ಓದಲು ಮಾತ್ರ ಎಂಬಂತೆ ತೆರೆಯಬೇಕು. ಕೇಳುವುದಕ್ಕೆ ಎಸ್‌ಕ್ಯೂಎಲ್, ಬರೆಯುವುದಕ್ಕೆ ಗ್ನುಕ್ಯಾಶ್. ಕೈಯಿಂದ ಒಂದು ಸ್ಪ್ಲಿಟ್ ತಿದ್ದಿದರೆ ವಹಿವಾಟಿನ ಎರಡು ಬದಿ ಸಮವಾಗಿವೆಯೇ ಎಂದು ನೋಡುವ ಕೆಲಸವನ್ನು ಡೇಟಾಬೇಸ್ ತಾನಾಗಿ ಮಾಡುವುದಿಲ್ಲ, ಅದನ್ನು ಮಾಡುವುದು ಗ್ನುಕ್ಯಾಶ್.